ಲ್ಯಾಂಪ್ ಪ್ರೊಜೆಕ್ಟರ್: ಎರಡನೇ ಲ್ಯಾಂಪ್ ಅರ್ಧ ದಾಟಿದ ಮೇಲಿನ ವಿಮರ್ಶೆ

ಕೆಂಪು, ಹಸಿರು, ನೀಲಿ ಬಣ್ಣಕ್ಕೊಂದರಂತೆ ಮೂರು ಎಲ್‌ಸಿಡಿ ಪ್ಯಾನೆಲ್‌ಗಳ ಮಾದರಿ, 1920×1080 ಪಿಕ್ಸೆಲ್, ಪೆಟ್ಟಿಗೆಯ ಮೇಲೆ ನಮೂದಾಗಿರುವ ಬೆಳಕು 3000 ಲುಮೆನ್ಸ್, ಬೆಳಕಿನ ಮೂಲ ಪಾದರಸದ ಲ್ಯಾಂಪ್. ಮೊದಲ ಲ್ಯಾಂಪ್ ಪೂರ್ತಿ ಉರಿದು ಮುಗಿದಿದೆ, ಎರಡನೆಯದು ಅರ್ಧ ಆಯಸ್ಸು ದಾಟಿದೆ. ಇಷ್ಟು ಬಳಸಿದ ಮೇಲೆ ಖಚಿತವಾಗಿ ಹೇಳಬಹುದಾದದ್ದು ಇದು: ಚಿತ್ರ ಚೆನ್ನಾಗಿ ಬರುವುದು ಯಂತ್ರವನ್ನು ಕೂರಿಸಿದ ರೀತಿಯಿಂದ, ಯಂತ್ರ ಬಾಳುವುದು ಅದರೊಳಗೆ ಓಡಾಡುವ ಗಾಳಿಯಿಂದ. ಬಣ್ಣದ ಮೆನುವಿನಲ್ಲಿ ಗಂಟೆಗಟ್ಟಲೆ ಕಳೆಯುವವರೂ ಈ ಎರಡು ವಿಷಯಗಳಿಗೆ ಅರ್ಧ ಗಂಟೆ ಕೊಡುವುದಿಲ್ಲ. ಆಮೇಲೆ ದೂರುವುದು ಮಾತ್ರ ಯಂತ್ರವನ್ನು.

ಜಾಗ ಮತ್ತು ಅಳತೆ

ಪ್ರೊಜೆಕ್ಟರ್ ಎಲ್ಲಿರಬೇಕು ಎಂಬುದನ್ನು ಥ್ರೋ ರೇಶಿಯೋ ಹೇಳುತ್ತದೆ. ಪರದೆಯ ಅಗಲವನ್ನು ಈ ಸಂಖ್ಯೆಯಿಂದ ಗುಣಿಸಿದರೆ ಲೆನ್ಸಿನಿಂದ ಪರದೆಗೆ ಇರಬೇಕಾದ ದೂರ ಸಿಗುತ್ತದೆ. 16:9 ಆಕಾರದ 100 ಇಂಚಿನ ಪರದೆ ಎಂದರೆ 221 ಸೆಂ.ಮೀ. ಅಗಲ, 125 ಸೆಂ.ಮೀ. ಎತ್ತರ. ಥ್ರೋ ರೇಶಿಯೋ 1.3ರಿಂದ 1.6 ಇರುವ ಯಂತ್ರವಾದರೆ ದೂರ ಸುಮಾರು 2.87 ಮೀಟರ್‌ನಿಂದ 3.54 ಮೀಟರ್ ಒಳಗೆ ಬರಬೇಕು. ಇಲ್ಲಿ ಎರಡು ಎಚ್ಚರಿಕೆ. ಅಳೆಯಬೇಕಾದದ್ದು ಲೆನ್ಸಿನ ಮುಖದಿಂದ, ಯಂತ್ರದ ಬೆನ್ನಿನಿಂದಲ್ಲ. ಹಾಗೆಯೇ ಯಂತ್ರದ ಹಿಂದೆ ಕೇಬಲ್ ಬಾಗಲು ಒಂದು ಗೇಣಾದರೂ ಜಾಗ ಬಿಟ್ಟು ಲೆಕ್ಕ ಹಾಕಬೇಕು. ಜೂಮ್‌ನ ಎರಡು ತುದಿಗಳಿಗೆ ಅಂಟಿಕೊಳ್ಳದೆ ನಡುವೆ ನಿಲ್ಲಿಸಿದರೆ ಮುಂದೆ ಪರದೆ ಬದಲಾದರೂ ಹೊಂದಿಸಿಕೊಳ್ಳಬಹುದು.

ಇನ್ನು ಕೀಸ್ಟೋನ್. ರಿಮೋಟಿನಲ್ಲಿ ಒಂದು ಗುಂಡಿ ಒತ್ತಿದರೆ ಓರೆ ಚಿತ್ರ ನೆಟ್ಟಗಾಗುತ್ತದೆ, ನಿಜ. ಆದರೆ ಅದು ಬೆಳಕನ್ನು ತಿದ್ದುವುದಿಲ್ಲ, ಪ್ಯಾನೆಲ್ಲಿನ ಒಂದಷ್ಟು ಪಿಕ್ಸೆಲ್‌ಗಳನ್ನು ಕಪ್ಪು ಮಾಡಿ ಉಳಿದವುಗಳಲ್ಲಿ ಚಿತ್ರವನ್ನು ಹಿಂಡಿ ಕೂರಿಸುತ್ತದೆ. ಸಣ್ಣ ಅಕ್ಷರಗಳ ಅಂಚು ಮಸುಕಾಗುತ್ತದೆ, ಬೆಳಕು ನಷ್ಟವಾಗುತ್ತದೆ, ಜೊತೆಗೆ ಆ ಕಪ್ಪು ಮಾಡಿದ ಪಿಕ್ಸೆಲ್‌ಗಳಿಂದಲೂ ಸ್ವಲ್ಪ ಬೆಳಕು ಸೋರುವುದರಿಂದ ಕತ್ತಲೆಯ ದೃಶ್ಯಗಳಲ್ಲಿ ಚಿತ್ರದ ಸುತ್ತ ಬೂದು ಪಟ್ಟಿ ಕಾಣುತ್ತದೆ. ಆದ್ದರಿಂದ ಕೀಸ್ಟೋನ್ ಸೊನ್ನೆಯಲ್ಲಿಟ್ಟು ಯಂತ್ರವನ್ನೇ ಸರಿಪಡಿಸಬೇಕು. ಗ್ರಿಡ್ ಗೆರೆಗಳ ಟೆಸ್ಟ್ ಪ್ಯಾಟರ್ನ್ ಹಾಕಿ ಚಿತ್ರದ ನಾಲ್ಕೂ ಅಂಚುಗಳನ್ನು ಟೇಪಿನಿಂದ ಅಳೆಯಿರಿ. ಮೇಲಂಚು ಕೆಳಗಿನದಕ್ಕಿಂತ ಅಗಲವಾಗಿದ್ದರೆ ಯಂತ್ರ ಮೂತಿ ಎತ್ತಿದೆ ಎಂದರ್ಥ. ಎಡ ಅಂಚು ಬಲಕ್ಕಿಂತ ಉದ್ದವಾಗಿದ್ದರೆ ಯಂತ್ರ ಎಡಕ್ಕೆ ತಿರುಗಿದೆ: ಅದನ್ನು ಬಲಕ್ಕೆ ತಿರುಗಿಸಿ, ಚಿತ್ರ ಪರದೆಯಿಂದ ಜಾರಿದಷ್ಟು ದೂರ ಇಡೀ ಯಂತ್ರವನ್ನು ಎಡಕ್ಕೆ ಸರಿಸಬೇಕು. ಯಂತ್ರದ ಮೈ ಸಮತಲದಲ್ಲಿದೆಯೇ ಎಂದು ರಸಮಟ್ಟ ಇಟ್ಟು ನೋಡಿದರೆ ಅರ್ಧ ಕೆಲಸ ಮುಗಿದಂತೆ. ಲೆನ್ಸ್ ಶಿಫ್ಟ್ ಇರುವ ಮಾದರಿ ಸಿಕ್ಕರೆ ಅದಕ್ಕೇ ನನ್ನ ಮತ, ಏಕೆಂದರೆ ಅದು ಲೆನ್ಸನ್ನೇ ಸರಿಸಿ ಚಿತ್ರವನ್ನು ಮೇಲೆ ಕೆಳಗೆ ಮಾಡುತ್ತದೆ, ಒಂದು ಪಿಕ್ಸೆಲ್ಲೂ ವ್ಯರ್ಥವಾಗುವುದಿಲ್ಲ.

ಫೋಕಸನ್ನು ಯಂತ್ರ ಹಚ್ಚಿದ ಕೂಡಲೇ ಅಂತಿಮ ಮಾಡಬೇಡಿ. ಲೆನ್ಸ್ ಬಿಸಿಯಾದಂತೆ ಫೋಕಸ್ ಕೊಂಚ ಜರುಗುತ್ತದೆ. 20ರಿಂದ 30 ನಿಮಿಷ ಓಡಿದ ಮೇಲೆ ಹೊಂದಿಸಿದರೆ ಅದೇ ನಿಲ್ಲುತ್ತದೆ.

ಸೀಲಿಂಗಿಗೆ ತೂಗುಹಾಕುವವರು ಮೌಂಟಿನ ಸ್ಕ್ರೂಗಳ ಅಳತೆಯನ್ನು ಕೈಪಿಡಿಯಲ್ಲಿ ನೋಡಿಯೇ ತರಬೇಕು. ಬಹಳಷ್ಟು ಮನೆ ಬಳಕೆಯ ಮಾದರಿಗಳಿಗೆ ಎಂ4 ಸ್ಕ್ರೂ ಹಿಡಿಸುತ್ತದೆ, ಆದರೆ ಉದ್ದ ಹೆಚ್ಚಾದರೆ ತುದಿ ಒಳಗಿನ ಭಾಗಕ್ಕೆ ತಾಗುತ್ತದೆ. ಆಂಕರ್ ಬೋಲ್ಟ್ ಕಾಂಕ್ರೀಟಿಗೆ ಕೂರಬೇಕು. ಜಿಪ್ಸಮ್ ಹಲಗೆಯ ಫಾಲ್ಸ್ ಸೀಲಿಂಗನ್ನೇ ನಂಬಿ ತೂಗುಹಾಕಬಾರದು. ಸ್ಕ್ರೂ ಸಡಿಲವಾಗದಿರಲಿ ಎಂದು ಅಂಟು ಹಾಕುವುದು, ತಿರುಗಲು ಸುಲಭವಾಗಲಿ ಎಂದು ಎಣ್ಣೆ ಹಚ್ಚುವುದು ಎರಡೂ ಅಪಾಯ. ಇವು ತಗುಲಿದ ಪ್ಲಾಸ್ಟಿಕ್ ಕವಚ ಕಾಲಕ್ರಮೇಣ ಬಿರುಕು ಬಿಡಬಹುದು, ಯಂತ್ರ ತಲೆಯ ಮೇಲೆಯೇ ಬೀಳಬಹುದು. ಮೌಂಟ್ ಕೈಕೊಟ್ಟರೂ ಯಂತ್ರ ನಿಲ್ಲುವಂತೆ ಒಂದು ಉಕ್ಕಿನ ಸುರಕ್ಷತಾ ತಂತಿ ಬೇರೆಯೇ ಇರಲಿ.

ಕೇಬಲ್ ಬಗ್ಗೆ ಎರಡು ಮಾತು. ಫುಲ್ ಎಚ್‌ಡಿಗೆ 10 ಮೀಟರ್‌ವರೆಗೆ ದಪ್ಪನೆಯ ತಾಮ್ರದ ಎಚ್‌ಡಿಎಂಐ ಕೇಬಲ್ ಸಾಕಾಗುತ್ತದೆ. 4ಕೆ, 60 ಹರ್ಟ್ಜ್‌ಗೆ ಸೆಕೆಂಡಿಗೆ 18 ಗಿಗಾಬಿಟ್ ವೇಗ ಬೇಕಾಗುವುದರಿಂದ ಅದೇ ಉದ್ದದಲ್ಲಿ ತೊಂದರೆ ಶುರುವಾಗುತ್ತದೆ. ಚಿತ್ರದಲ್ಲಿ ಬಿಳಿ ಚುಕ್ಕೆಗಳು ಮಿನುಗುವುದು, ಆಗಾಗ ಪರದೆ ಕ್ಷಣಕಾಲ ಕಪ್ಪಾಗುವುದು ಕೇಬಲ್ ಸೋಲುತ್ತಿರುವುದರ ಗುರುತು. ಆಗ ಗಾಜಿನ ಎಳೆಯಲ್ಲಿ ಬೆಳಕಾಗಿ ಸಂಕೇತ ಸಾಗಿಸುವ ಆಪ್ಟಿಕಲ್ ಎಚ್‌ಡಿಎಂಐ ಹಾಕಬೇಕು. ಅದಕ್ಕೆ ದಿಕ್ಕಿದೆ, ಸೋರ್ಸ್ ಎಂದು ಬರೆದ ತುದಿ ಪ್ಲೇಯರಿಗೇ ಹೋಗಬೇಕು, ತಿರುಗುಮುರುಗಾದರೆ ಚಿತ್ರವೇ ಬಾರದು. ಗೋಡೆಯೊಳಗೆ ಎಳೆಯುವುದಾದರೆ ಪೈಪು ಕನಿಷ್ಠ 32 ಮಿ.ಮೀ. ಇರಲಿ, ಎಚ್‌ಡಿಎಂಐ ತಲೆ ತಂತಿಗಿಂತ ತುಂಬ ದೊಡ್ಡದು. ಕಡಿದಾದ ಎಲ್ಬೋ ಬೇಡ.

ಬೆಳಕು, ಮೋಡ್, ಕೋಣೆ

ಪೆಟ್ಟಿಗೆಯ 3000 ಲುಮೆನ್ಸ್ ಸಿಗುವುದು ಡೈನಾಮಿಕ್ ಮೋಡ್‌ನಲ್ಲಿ, ಹೊಸ ಲ್ಯಾಂಪ್ ಇದ್ದಾಗ. ಆ ಮೋಡ್‌ನಲ್ಲಿ ಮುಖಗಳು ಹಸಿರಿಗೆ ತಿರುಗುತ್ತವೆ. ಬಣ್ಣ ಸರಿಯಿರುವ ಸಿನಿಮಾ ಮೋಡ್‌ಗೆ ಬಂದಾಗ ಅದರ ಅರ್ಧದಷ್ಟು, ಅಂದರೆ 1500 ಲುಮೆನ್ಸ್ ಸಿಕ್ಕಿತೆಂದು ಇಟ್ಟುಕೊಂಡರೆ 100 ಇಂಚಿನ ಸಾದಾ ಬಿಳಿ ಪರದೆಯ ಮೇಲೆ ಸುಮಾರು 170 ನಿಟ್ಸ್ (ಪರದೆಯಿಂದ ಕಣ್ಣಿಗೆ ಬರುವ ಹೊಳಪಿನ ಅಳತೆ) ಆಗುತ್ತದೆ. ಚಿತ್ರಮಂದಿರದ ಮಾನಕ 48 ನಿಟ್ಸ್. ಹಾಗಾಗಿ ಕತ್ತಲೆಯ ಕೋಣೆಯಲ್ಲಿ ಲ್ಯಾಂಪ್ ಅರ್ಧ ಮಂಕಾದರೂ ನೋಡಲು ಧಾರಾಳ ಬೆಳಕು ಉಳಿಯುತ್ತದೆ. ದೊಡ್ಡ ಸಂಖ್ಯೆಯ ಲುಮೆನ್ಸ್ ಹಿಂದೆ ಬೀಳುವ ಅಗತ್ಯವಿಲ್ಲ ಎನ್ನಲು ಇದೇ ಕಾರಣ.

ಕೆಡಿಸುವುದು ಕೋಣೆಯ ದೀಪ. ಪರದೆಯ ಮೇಲೆ ಬರೀ 50 ಲಕ್ಸ್ ಬೆಳಕು ಬಿದ್ದರೂ ಕಪ್ಪು ಭಾಗ 16 ನಿಟ್ಸ್‌ಗೆ ಏರುತ್ತದೆ. ಅಲ್ಲಿಗೆ ಕಾಂಟ್ರಾಸ್ಟ್, ಅಂದರೆ ಬಿಳಿಗೂ ಕಪ್ಪಿಗೂ ಇರುವ ಬೆಳಕಿನ ಅನುಪಾತ, ಸುಮಾರು 12:1ಕ್ಕೆ ಕುಸಿಯಿತು. ಪೆಟ್ಟಿಗೆಯ ಮೇಲೆ ಎಷ್ಟು ಸಾವಿರಕ್ಕೊಂದು ಎಂದು ಬರೆದಿದ್ದರೂ ಈ ದೀಪದ ಮುಂದೆ ಅದು ನಡೆಯುವುದಿಲ್ಲ. ಪ್ರೊಜೆಕ್ಟರ್ ಕಪ್ಪನ್ನು ಚೆಲ್ಲಲಾರದು. ಪರದೆಯ ಕಪ್ಪು ಎಂದರೆ ಕೋಣೆಯ ಕತ್ತಲೆ ಅಷ್ಟೆ. ಒಳ್ಳೆಯ ಪರದೆ (ಗೇನ್, ಅಂದರೆ ಬೆಳಕನ್ನು ಮರಳಿಸುವ ಪ್ರಮಾಣ, 1.0 ಇರುವ ಮ್ಯಾಟ್ ಬಿಳಿ ಸಾಕು), ಕಿಟಕಿಗೆ ದಪ್ಪ ಪರದೆಬಟ್ಟೆ, ಸಾಧ್ಯವಿದ್ದರೆ ಪರದೆಯ ಪಕ್ಕದ ಗೋಡೆಗೆ ಗಾಢ ಬಣ್ಣ ಇವು ತರುವ ಸುಧಾರಣೆಯನ್ನು ಯಾವ ಸೆಟ್ಟಿಂಗೂ ತಾರದು. ಮೆನುವಿನಲ್ಲಿ ಮಾಡಬೇಕಾದದ್ದು ಕಡಿಮೆ: ಸಿನಿಮಾ ಮೋಡ್, ಬಣ್ಣದ ತಾಪ 6500 ಕೆಲ್ವಿನ್, ಗಾಮಾ (ನಡುವಣ ಛಾಯೆಗಳ ಹೊಳಪು ತೀರ್ಮಾನಿಸುವ ಸೆಟ್ಟಿಂಗ್) 2.2ರಿಂದ 2.4. ಚಲನೆ ನುಣುಪಾಗಿಸಲು ನಡುವೆ ಹೊಸ ಚಿತ್ರಗಳನ್ನು ಸೇರಿಸುವ ಫ್ರೇಮ್ ಇಂಟರ್‌ಪೊಲೇಶನ್ ಸಿನಿಮಾಕ್ಕೆ ಬೇಡ, ಆಟಕ್ಕಂತೂ ಬೇಡವೇ ಬೇಡ, ಏಕೆಂದರೆ ಗುಂಡಿ ಒತ್ತಿದ್ದಕ್ಕೂ ಚಿತ್ರ ಬದಲಾಗುವುದಕ್ಕೂ ನಡುವೆ ಅದು ತಡ ತರುತ್ತದೆ. ಬ್ಲೂಟೂತ್ ಸ್ಪೀಕರಿನಲ್ಲಿ ತುಟಿಗೂ ಮಾತಿಗೂ ತಾಳ ತಪ್ಪಿದರೆ ತಂತಿಯ ಜೋಡಣೆಗೆ ಮರಳುವುದೇ ಪರಿಹಾರ.

ಬಿಸಿ ಮತ್ತು ಧೂಳು

ಈ ಯಂತ್ರಗಳು ಸೋಲುವುದು ಇಲ್ಲಿಯೇ. ಲ್ಯಾಂಪಿನೊಳಗೆ ಪಾದರಸದ ಆವಿ ವಾತಾವರಣದ ಒತ್ತಡದ ಸುಮಾರು 200 ಪಟ್ಟು ಒತ್ತಡದಲ್ಲಿ ಉರಿಯುತ್ತಿರುತ್ತದೆ. ಫ್ಯಾನ್ ತಂಪು ಮಾಡುವುದು ಅದನ್ನೊಂದೇ ಅಲ್ಲ, ಎಲ್‌ಸಿಡಿ ಪ್ಯಾನೆಲ್‌ಗಳನ್ನೂ ಅವುಗಳ ಪೋಲರೈಸರ್‌ಗಳನ್ನೂ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ತೆಳು ಹಾಳೆಗಳು) ಅದೇ ಗಾಳಿ ಕಾಯುತ್ತದೆ. ಮೂರು ಬಣ್ಣಗಳ ಹಾದಿಗಳಲ್ಲಿ ಮೊದಲು ಸೋಲುವುದು ಸಾಮಾನ್ಯವಾಗಿ ನೀಲಿ ಹಾದಿಯ ಪೋಲರೈಸರ್, ಏಕೆಂದರೆ ನೀಲಿ ಬೆಳಕಿನ ಶಕ್ತಿ ಹೆಚ್ಚು. ಅದು ಸುಟ್ಟರೆ ಬಿಳಿಯಲ್ಲಿ ಹಳದಿ ಛಾಯೆ, ಕಪ್ಪಿನಲ್ಲಿ ನೀಲಿ ಮಬ್ಬು ಕಾಣುತ್ತದೆ. ಲ್ಯಾಂಪ್ ಬದಲಿಸಿದರೂ ಇದು ಹೋಗದು. ಫಿಲ್ಟರ್ ಮುಚ್ಚಿಕೊಂಡ ಯಂತ್ರದಲ್ಲಿ ಇದು ಬೇಗ ಬರುತ್ತದೆ. ಲ್ಯಾಂಪಿನ ಗಂಟೆಗಳನ್ನು ಉಳಿಸುವುದಕ್ಕಿಂತ ಫಿಲ್ಟರ್ ಕಡೆಗೆ ಹೆಚ್ಚು ಗಮನ ಕೊಡಿ ಎಂದು ಒತ್ತಿ ಹೇಳುವುದು ಇದಕ್ಕೇ.

ಫಿಲ್ಟರನ್ನು 100 ಗಂಟೆಗೊಮ್ಮೆ ತೆಗೆದು ನೋಡಿ. ಯಂತ್ರ ಆರಿಸಿ, ಪ್ಲಗ್ ಕಿತ್ತ ಮೇಲೆ ಫಿಲ್ಟರ್ ಹೊರತೆಗೆದು, ಮೆತ್ತನೆಯ ಬ್ರಷ್ ಹಾಕಿದ ವ್ಯಾಕ್ಯೂಮ್ ಕ್ಲೀನರಿನಿಂದ ಧೂಳು ಕೂತಿರುವ ಮುಖದ ಕಡೆಯಿಂದ ಎಳೆಯಬೇಕು. ಕೈಪಿಡಿ ಸ್ಪಷ್ಟವಾಗಿ ಒಪ್ಪಿದ್ದರೆ ಮಾತ್ರ ನೀರು. ಇಲ್ಲದಿದ್ದರೆ ನೂಲಿನ ಜಾಲ ಕೆಟ್ಟು ಸಣ್ಣ ಧೂಳು ಒಳನುಗ್ಗುತ್ತದೆ. ಫಿಲ್ಟರ್ ಇಲ್ಲದೆ ಒಂದು ನಿಮಿಷವೂ ಓಡಿಸಬಾರದು. ಲ್ಯಾಂಪ್ ಬದಲಿಸಿದಾಗ ಫಿಲ್ಟರೂ ಹೊಸದಾಗಲಿ.

ಬಿಸಿಗಾಳಿ ಹೊರಬರುವ ಬದಿಯಲ್ಲಿ 30ರಿಂದ 50 ಸೆಂ.ಮೀ. ತೆರೆದ ಜಾಗ ಬೇಕು. ಕಪಾಟಿನೊಳಗೆ ಕೂರಿಸಿದರೆ ಬಿಟ್ಟ ಬಿಸಿಗಾಳಿಯನ್ನೇ ಯಂತ್ರ ಮತ್ತೆ ಎಳೆದುಕೊಳ್ಳುತ್ತದೆ. ಇಂಥ ಯಂತ್ರಗಳ ಕೆಲಸದ ತಾಪಮಾನ ಸಾಮಾನ್ಯವಾಗಿ 5ರಿಂದ 35 ಡಿಗ್ರಿ ಸೆಲ್ಸಿಯಸ್. ಸೀಲಿಂಗಿನ ಕೆಳಗೆ ಕೋಣೆಯ ಬಿಸಿಯೆಲ್ಲ ಸೇರುವುದರಿಂದ ಥರ್ಮಾಮೀಟರನ್ನು ಕುರ್ಚಿಯ ಪಕ್ಕದಲ್ಲಲ್ಲ, ಯಂತ್ರದ ಎತ್ತರದಲ್ಲಿಟ್ಟು ನೋಡಬೇಕು. ಸಮುದ್ರಮಟ್ಟದಿಂದ 1500 ಮೀಟರ್‌ಗಿಂತ ಎತ್ತರದ ಊರುಗಳಲ್ಲಿ ಹೈ ಆಲ್ಟಿಟ್ಯೂಡ್ ಮೋಡ್ ಹಾಕಲೇಬೇಕು. ಅಲ್ಲಿ ಗಾಳಿ ತೆಳುವಾಗಿರುವುದರಿಂದ ಫ್ಯಾನ್ ಹೆಚ್ಚು ವೇಗವಾಗಿ ತಿರುಗಬೇಕಾಗುತ್ತದೆ.

ಆರಿಸಿದ ಮೇಲೆ ಫ್ಯಾನ್ ನಿಲ್ಲುವವರೆಗೆ ಪ್ಲಗ್ ಕೀಳಬೇಡಿ. ನೇರವಾಗಿ ಪವರ್ ತೆಗೆಯಬಹುದೆಂದು ಕೈಪಿಡಿ ಹೇಳುವ ಮಾದರಿಗಳು ಇವೆ, ಅವು ಬೇರೆ. ವಿದ್ಯುತ್ ಹೋಗಿಬರುವ ಕಡೆ ಒಂದು ಯುಪಿಎಸ್ ಇರಲೇಬೇಕು. ಸುಮಾರು 300 ವ್ಯಾಟ್ ಎಳೆಯುವ ಯಂತ್ರಕ್ಕೆ 600 ವಿಎ ಯುಪಿಎಸ್ ಕೆಲವು ನಿಮಿಷ ಕೊಡುತ್ತದೆ, ಸರಿಯಾಗಿ ಆರಿಸಿ ತಣಿಸಲು ಅಷ್ಟು ಸಾಕು. ಥಟ್ಟನೆ ಆರಿದ ಬಿಸಿ ಲ್ಯಾಂಪ್ ಕೂಡಲೇ ಮತ್ತೆ ಹೊತ್ತುವುದಿಲ್ಲ, ಗುಂಡಿ ಒತ್ತುತ್ತಲೇ ಇದ್ದರೆ ಅದಕ್ಕೆ ಪೆಟ್ಟು. ಸಿನಿಮಾ ನಡುವೆ ಹತ್ತು ನಿಮಿಷ ಎದ್ದುಹೋಗುವುದಾದರೆ ಆರಿಸುವ ಬದಲು ಚಿತ್ರವನ್ನೂ ಸದ್ದನ್ನೂ ತಾತ್ಕಾಲಿಕವಾಗಿ ಮರೆಮಾಡುವ ಎವಿ ಮ್ಯೂಟ್ ಬಳಸಿ. ಲೆನ್ಸಿನ ಮುಂದೆ ಪುಸ್ತಕ, ರಟ್ಟು ಇಟ್ಟು ಬೆಳಕು ತಡೆಯಬೇಡಿ, ಆ ವಸ್ತು ಸುಡಬಹುದು, ಲೆನ್ಸ್ ಹಾಳಾಗಬಹುದು. ಮಕ್ಕಳು ಲೆನ್ಸಿನೊಳಗೆ ಇಣುಕದಂತೆಯೂ ನೋಡಿಕೊಳ್ಳಬೇಕು.

ಕಲೆಗಳನ್ನು ಗುರುತಿಸುವುದು

ಲೆನ್ಸಿನ ಮೇಲಿನ ಧೂಳು ಚಿತ್ರದಲ್ಲಿ ಚುಕ್ಕೆಯಾಗಿ ಕಾಣುವುದಿಲ್ಲ, ಒಟ್ಟಾರೆ ಮಬ್ಬು ತರುತ್ತದೆ ಅಷ್ಟೆ. ದುಂಡಗಿನ ಮಸುಕು ಮಚ್ಚೆ ಕಂಡರೆ ಧೂಳು ಒಳಗೆ, ಪ್ಯಾನೆಲ್ಲಿನ ಹತ್ತಿರ ಕೂತಿದೆ. ಖಚಿತಪಡಿಸಿಕೊಳ್ಳಲು ಫೋಕಸ್ ಕೆಡಿಸಿ ನೋಡಿ, ಚಿತ್ರ ಮಸುಕಾದಾಗ ಮಚ್ಚೆ ಸ್ಪಷ್ಟವಾಗುತ್ತದೆ. ಪೂರ್ತಿ ಕಪ್ಪು ಚಿತ್ರದಲ್ಲಿ ಮಚ್ಚೆ ಹಸಿರಾಗಿದ್ದರೆ ಧೂಳು ಹಸಿರು ಪ್ಯಾನೆಲ್ಲಿನ ಬಳಿ ಇದೆ, ನೀಲಿಯಾಗಿದ್ದರೆ ನೀಲಿಯ ಬಳಿ. ಇದನ್ನು ತೆಗೆಯಲು ಆಪ್ಟಿಕಲ್ ಭಾಗ ತೆರೆಯಬೇಕು, ಸರ್ವಿಸ್ ಸೆಂಟರಿಗೇ ಕೊಡುವುದು ಲೇಸು. ಅಕ್ಷರಗಳ ಅಂಚಿನಲ್ಲಿ ಕೆಂಪು ಅಥವಾ ನೀಲಿ ಗೆರೆ ಕಾಣುವುದು ಬೇರೆ ಸಂಗತಿ, ಮೂರು ಪ್ಯಾನೆಲ್‌ಗಳ ಜೋಡಣೆ ಕೂದಲೆಳೆಯಷ್ಟು ಸರಿದಿದೆ. ಮೆನುವಿನಲ್ಲಿ ಪ್ಯಾನೆಲ್ ಅಲೈನ್‌ಮೆಂಟ್ ಇದ್ದರೆ ಅಲ್ಲೇ ತಿದ್ದಬಹುದು.

ಲೆನ್ಸ್ ಒರೆಸುವ ಮೊದಲು ರಬ್ಬರ್ ಬ್ಲೋವರಿನಿಂದ ಧೂಳು ಊದಿಸಿ. ಆಮೇಲೆ ಮೈಕ್ರೋಫೈಬರ್ ಬಟ್ಟೆಗೆ ಒಂದೆರಡು ಹನಿ ಲೆನ್ಸ್ ದ್ರವ ಹಾಕಿ ನಡುವಿನಿಂದ ಅಂಚಿಗೆ ಒರೆಸಿ. ದ್ರವವನ್ನು ನೇರ ಲೆನ್ಸಿಗೆ ಸಿಂಪಡಿಸಬಾರದು. ಡಬ್ಬಿಯಲ್ಲಿ ಬರುವ ಗ್ಯಾಸ್ ಸ್ಪ್ರೇಯನ್ನು ಪ್ರೊಜೆಕ್ಟರಿನ ಹತ್ತಿರ ಬಳಸಲೇಬೇಡಿ, ಅದರ ಅನಿಲ ಬೆಂಕಿ ಹಿಡಿಯುವಂಥದ್ದಾಗಿದ್ದರೆ ಬಿಸಿ ಲ್ಯಾಂಪಿನ ಬಳಿ ಹೊತ್ತಿಕೊಳ್ಳುತ್ತದೆ.

ಲ್ಯಾಂಪ್ ಬದಲಾವಣೆ

ಲ್ಯಾಂಪಿನ ಆಯಸ್ಸು ಎಂದು ಬರೆಯುವ ಗಂಟೆಗಳು ಬೆಳಕು ಅರ್ಧಕ್ಕಿಳಿಯುವವರೆಗಿನ ಅಂದಾಜು. ಈ ಇಳಿತ ಮೊದಲ ಕೆಲವು ನೂರು ಗಂಟೆಗಳಲ್ಲಿ ಹೆಚ್ಚು, ಆಮೇಲೆ ನಿಧಾನ. ಇಕೋ ಮೋಡ್ ಬೆಳಕು ತಗ್ಗಿಸಿ ಆಯಸ್ಸು ಹೆಚ್ಚಿಸುತ್ತದೆ, ಫ್ಯಾನ್ ಸದ್ದೂ ಇಳಿಯುತ್ತದೆ. ಇಕೋದಲ್ಲೇ ಬಹಳ ಕಾಲ ಓಡಿದ ಲ್ಯಾಂಪ್ ಮಿಣುಕತೊಡಗಿದರೆ ಕೆಲವು ಗಂಟೆ ನಾರ್ಮಲ್ ಮೋಡ್‌ನಲ್ಲಿ ಓಡಿಸಿ ನೋಡಿ, ಎಷ್ಟೋ ಸಲ ಸರಿಹೋಗುತ್ತದೆ.

ಬದಲಿಸುವಾಗ ಪ್ಲಗ್ ಕಿತ್ತು ಕನಿಷ್ಠ ಒಂದು ಗಂಟೆ ತಣಿಯಲು ಬಿಡಿ. ಹೌಸಿಂಗ್ (ಬಲ್ಬ್ ಕೂರುವ ಚೌಕಟ್ಟು) ಸಮೇತ ಬರುವ ಲ್ಯಾಂಪನ್ನೇ ಕೊಳ್ಳಿ. ಬರಿಯ ಬಲ್ಬ್ ತಂದು ಹಳೆಯ ಹೌಸಿಂಗಿಗೆ ಕೂರಿಸಿದರೆ ಅದು ನೆಟ್ಟಗೆ ಕೂರದೆ ಪರದೆಯ ಒಂದು ಮೂಲೆ ಮಂಕಾಗುವುದುಂಟು. ಗಾಜಿಗೆ ಬೆರಳು ತಾಗಿಸಬೇಡಿ, ಬೆರಳಿನ ಜಿಡ್ಡು ಕೂತ ಕಡೆ ಗಾಜು ಹೆಚ್ಚು ಕಾದು ಸೀಳುತ್ತದೆ. ಸ್ಕ್ರೂಗಳನ್ನೂ ಮುಚ್ಚಳವನ್ನೂ ಪೂರ್ತಿ ಬಿಗಿಮಾಡಿ, ಮುಚ್ಚಳ ಸಡಿಲವಿದ್ದರೆ ಯಂತ್ರ ಹೊತ್ತುವುದೇ ಇಲ್ಲ. ಕಡೆಗೆ ಮೆನುವಿನಲ್ಲಿ ಲ್ಯಾಂಪ್ ಗಂಟೆ ಸೊನ್ನೆ ಮಾಡಬೇಕು, ಅದೂ ಲ್ಯಾಂಪ್ ನಿಜವಾಗಿ ಬದಲಿಸಿದಾಗ ಮಾತ್ರ.

ಆಯಸ್ಸು ಮೀರಿ ಓಡಿಸಿದರೆ ಲ್ಯಾಂಪ್ ದೊಡ್ಡ ಸದ್ದಿನೊಂದಿಗೆ ಒಡೆಯಬಹುದು. ಹಾಗಾದರೆ ಪ್ಲಗ್ ಕಿತ್ತು, ಕಿಟಕಿಗಳನ್ನು ತೆರೆದು, ಎಲ್ಲರೂ ಕೋಣೆಯಿಂದ ಹೊರಗಿರಿ, ಪಾದರಸದ ಆವಿ ಹೋಗಬೇಕು. ಚೂರುಗಳಿಗೆ ವ್ಯಾಕ್ಯೂಮ್ ಕ್ಲೀನರ್ ಹಾಕಬಾರದು, ಅದು ಪಾದರಸವನ್ನು ಗಾಳಿಗೆ ಎರಚುತ್ತದೆ. ಕೈಗವಸು ತೊಟ್ಟು ಗಟ್ಟಿ ಕಾಗದದಿಂದ ಎತ್ತಿ, ಒದ್ದೆ ಬಟ್ಟೆಯಿಂದ ಒರೆಸಿ, ಎಲ್ಲವನ್ನೂ ಮುಚ್ಚಳವಿರುವ ಡಬ್ಬಿಗೆ ಹಾಕಿ ಇ-ತ್ಯಾಜ್ಯಕ್ಕೆ ಕೊಡಬೇಕು. ಯಂತ್ರ ಸೀಲಿಂಗಿನಲ್ಲಿದ್ದರೆ ಮುಚ್ಚಳ ತೆರೆಯುವಾಗ ನೇರ ಕೆಳಗೆ ನಿಲ್ಲದೆ ಪಕ್ಕದಲ್ಲಿ ನಿಲ್ಲಿ, ಕಣ್ಣಿಗೆ ಕನ್ನಡಕವಿರಲಿ.

ಹಳೆಯದನ್ನು ಕೊಳ್ಳುವವರಿಗೆ

ಇಂಥ ಯಂತ್ರ ಸೆಕೆಂಡ್ ಹ್ಯಾಂಡ್ ಸಿಗುತ್ತಲೇ ಇರುತ್ತದೆ, ಚೆನ್ನಾಗಿದ್ದರೆ ಕೊಳ್ಳಲು ನನ್ನ ಆಕ್ಷೇಪವಿಲ್ಲ. ಲ್ಯಾಂಪ್ ಗಂಟೆಯೊಂದನ್ನೇ ನಂಬಬೇಡಿ, ಅದನ್ನು ಯಾರು ಬೇಕಾದರೂ ಸೊನ್ನೆ ಮಾಡಬಹುದು. ಅರ್ಧ ಗಂಟೆ ಓಡಿಸಿ, ಪೂರ್ತಿ ಬಿಳಿ ಮತ್ತು ಪೂರ್ತಿ ಕಪ್ಪು ಚಿತ್ರ ಹಾಕಿ ಹಳದಿ ಛಾಯೆ, ನೀಲಿ ಮಬ್ಬು, ಮಚ್ಚೆಗಳನ್ನು ಹುಡುಕಿ. ಕೀಸ್ಟೋನ್ ಸೊನ್ನೆ ಮಾಡಿ ನಾಲ್ಕೂ ಮೂಲೆಯ ಅಕ್ಷರ ಓದಿ. ಕಡೆಗೆ ಯಂತ್ರ ಆರಿಸಿ ಫಿಲ್ಟರ್ ತೆಗೆಸಿ ನೋಡಿ. ಅದು ಕಂಬಳಿಯಂತೆ ದಪ್ಪ ಧೂಳು ಹೊದ್ದಿದ್ದರೆ, ಚಿತ್ರ ಇವತ್ತು ಎಷ್ಟೇ ಚೆನ್ನಾಗಿದ್ದರೂ ಆ ಯಂತ್ರವನ್ನು ಬಿಟ್ಟುಬಿಡಿ.