ಏಳು ವರ್ಷದಿಂದ ಬ್ಲಾಸ್ಟ್ ಬಳಸುತ್ತಿದ್ದೇನೆ: ಆ ಒಂದು ಕಾಲಂ ಸೇರಿಸಿಕೊಳ್ಳಿ

ಸಿಗಡಿ ಸಿಪ್ಪೆಯಲ್ಲಿರುವ ಕೈಟಿನ್ ಒಡೆಯುವ ಕಿಣ್ವಗಳನ್ನು ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಹುಡುಕುವುದು ನನ್ನ ಕೆಲಸ. ಈ ಏಳು ವರ್ಷದಲ್ಲಿ ಎರಡು ಲ್ಯಾಪ್‌ಟಾಪ್ ಬದಲಾದವು, ಪ್ರೋಟೀನ್, ಡಿಎನ್‌ಎಗಳ ಅಕ್ಷರಸಾಲುಗಳಲ್ಲಿ ಹೋಲಿಕೆ ಹುಡುಕಿಕೊಡುವ ಬ್ಲಾಸ್ಟ್ ಅನ್ನೋ ಸಾಫ್ಟ್‌ವೇರ್ ಮಾತ್ರ ಹಾಗೇ ಇದೆ. 1990ರಲ್ಲಿ ಬಂದದ್ದು, ಇವತ್ತಿಗೂ ಉಚಿತ. ದುಡ್ಡು ಎಣಿಸಿ ಖರ್ಚು ಮಾಡುವ ಲ್ಯಾಬಿಗೆ ಅದೇ ದೊಡ್ಡದು ಅಲ್ವಾ?

ಹೊಸ ಜೀನೋಮ್ ಕೈಗೆ ಬಂದ ಸಂಜೆ ನನಗೆ ಹಬ್ಬ. ಎಲ್ಲರೂ ಮನೆಗೆ ಹೋದ ಮೇಲೆ ಕೂರುತ್ತೇನೆ. ಅದರ ನಾಲ್ಕು ಸಾವಿರ ಚಿಲ್ಲರೆ ಪ್ರೋಟೀನ್‌ಗಳಿಂದ ಮೊದಲು ಡೇಟಾಬೇಸ್ ಮಾಡಿಕೊಳ್ಳುತ್ತೇನೆ. ಆಮೇಲೆ ಗೊತ್ತಿರುವ ಒಂದು ಕೈಟಿನೇಸ್ (ಕೈಟಿನ್ ಒಡೆಯುವ ಕಿಣ್ವ) ಕೊಟ್ಟು ಹುಡುಕಿಸುತ್ತೇನೆ. ಹೆಚ್ಚಾಗಿ ಬ್ಯಾಸಿಲಸ್ ಸರ್ಕ್ಯುಲಾನ್ಸ್ ಅನ್ನೋ ಬ್ಯಾಕ್ಟೀರಿಯಾದ ಕೈಎ1. ಎಂಟರ್ ಒತ್ತಿ ಕಾಫಿ ಲೋಟ ಎತ್ತುವಷ್ಟರಲ್ಲಿ ಪಟ್ಟಿ ಬಂದಿರುತ್ತದೆ.

ನನ್ನ ತಕರಾರು ಆ ಪಟ್ಟಿಯ ಬಗ್ಗೆಯೇ. ಟೇಬಲ್ ಕೇಳಿದರೆ ಬ್ಲಾಸ್ಟ್ ತಾನಾಗಿ ಕೊಡುವುದು 12 ಕಾಲಂ. ಹೋಲಿಕೆ ಶೇಕಡಾ ಎಷ್ಟು, ಇ-ವ್ಯಾಲ್ಯೂ (ಇಂಥ ಹೋಲಿಕೆ ಆಕಸ್ಮಿಕವಾಗಿ ಎಷ್ಟು ಸಲ ಸಿಗಬಹುದು ಅನ್ನೋ ಅಂದಾಜು, ಕಮ್ಮಿ ಇದ್ದಷ್ಟೂ ಒಳ್ಳೆಯದು) ಎಷ್ಟು, ಎಲ್ಲ ಇದೆ. ನಾನು ಕೊಟ್ಟ ಪ್ರೋಟೀನಿನ ಎಷ್ಟು ಭಾಗಕ್ಕೆ ಹೋಲಿಕೆ ಸಿಕ್ಕಿತು ಅನ್ನೋದು ಮಾತ್ರ ಇಲ್ಲ.

ಮೂರನೇ ವರ್ಷ ಇದರಿಂದಲೇ ಪೆಟ್ಟು ತಿಂದೆ. ಒಂದು ಸಾಲಿನಲ್ಲಿ ಶೇಕಡಾ 60 ಹೋಲಿಕೆ, ಇ-ವ್ಯಾಲ್ಯೂ ಸೊನ್ನೆಯ ಹತ್ತಿರ. ಖುಷಿಯಲ್ಲಿ ಜೀನ್ ಮಾಡಿಸಲು ಆರ್ಡರ್ ಕೊಟ್ಟೆ. ಪ್ರೋಟೀನ್ ಚೆನ್ನಾಗಿಯೇ ಬಂತು. ಅದನ್ನು ಕೈಟಿನ್ ಪ್ಲೇಟಿಗೆ ಹಾಕಿ ಐದು ದಿನ ಬೆಳಗ್ಗೆ ಎದ್ದ ತಕ್ಷಣ ಹೋಗಿ ನೋಡಿದೆ. ಹಾಲಿನಂಥ ಬಿಳುಪು ಹಾಗೇ ಇತ್ತು. ಎಲ್ಲೂ ಒಂದು ಚೂರು ತಿಳಿಯಾಗಿರಲಿಲ್ಲ, ಅಂದರೆ ಕೈಟಿನ್ ಒಡೆದೇ ಇರಲಿಲ್ಲ.

ಮತ್ತೆ ಕೂತು ನೋಡಿದರೆ ಹೋಲಿಕೆ ಇದ್ದದ್ದು ಬರೀ 44 ಅಮೈನೋ ಆಮ್ಲದಷ್ಟು. ಕೈಎ1ರ ಬಾಲದಲ್ಲಿ 45 ಅಮೈನೋ ಆಮ್ಲಗಳ ಒಂದು ತುಂಡಿದೆ. ಅದು ಕೈಟಿನ್‌ಗೆ ಅಂಟಿಕೊಳ್ಳುತ್ತದೆ ಅಷ್ಟೇ, ಕತ್ತರಿಸುವುದಿಲ್ಲ. ನನಗೆ ಸಿಕ್ಕಿದ್ದರಲ್ಲಿ ಆ ತುಂಡು ಮಾತ್ರ ಇತ್ತು. ಹೋಲಿಕೆಯ ಉದ್ದ ಹೇಳುವ ಕಾಲಂ ಇತ್ತಲ್ಲ ಅನ್ನಬಹುದು. ಇತ್ತು. ಆದರೆ ನೂರು ಸಾಲು ಓದುವಾಗ ಕಣ್ಣು ಓಡುವುದು ಇ-ವ್ಯಾಲ್ಯೂ ಕಡೆಗೇ. ಕಮಾಂಡ್ ಲೈನ್‌ನಲ್ಲಿ ಅದರ ಮಿತಿಯೂ ನಾವು ಹೇಳದಿದ್ದರೆ 10. ಬೇಡದ್ದೆಲ್ಲ ಒಳಗೆ ಬಂದು ಕೂರುತ್ತದೆ.

ಸಿಟ್ಟು ಇಳಿದದ್ದು, ಇದಕ್ಕೆ ಎರಡೇ ಪದ ಸಾಕು ಅಂತ ಗೊತ್ತಾದ ಮೇಲೆ. ಕಮಾಂಡಿನಲ್ಲಿ ಟೇಬಲ್ ಕೇಳುವ ಔಟ್‌ಎಫ್‌ಎಂಟಿ 6ರ ಮುಂದೆ ‘ಎಸ್‌ಟಿಡಿ ಕ್ಯೂಕವ್ಸ್’ ಅಂತ ಬರೆದರೆ, ಕೊಟ್ಟ ಪ್ರೋಟೀನಿನ ಶೇಕಡಾ ಎಷ್ಟು ಭಾಗಕ್ಕೆ ಹೋಲಿಕೆ ಸಿಕ್ಕಿತು ಅನ್ನೋ ಹದಿಮೂರನೇ ಕಾಲಂ ಬರುತ್ತದೆ. ಈಗ ಪಟ್ಟಿಯನ್ನು ಓದಲು ಶುರು ಮಾಡುವುದೇ ಬಲಗಡೆಯಿಂದ. ಅಲ್ಲಿ 70ಕ್ಕಿಂತ ಜಾಸ್ತಿ ಇದ್ದರೆ ಎರಡೂ ಪ್ರೋಟೀನ್‌ಗಳನ್ನು ಸಾಲಾಗಿ ಹೊಂದಿಸಿದ ಜೋಡಣೆ ತೆರೆದು, ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ, ಅಂದರೆ ಒಂದೊಂದೇ ಅಮೈನೋ ಆಮ್ಲ, ನೋಡುತ್ತೇನೆ. ಡಿ, ಏನೋ ಒಂದು, ಡಿ, ಏನೋ ಒಂದು, ಇ. ಕೈಎ1ರ ಗುಂಪಿನ ಕೈಟಿನೇಸ್‌ಗಳಲ್ಲಿ ಕತ್ತರಿಸುವ ಕೆಲಸಕ್ಕೆ ಆ ಕೊನೆಯ ಇ ಬೇಕೇ ಬೇಕು. ಅದು ಸರಿಯಾದ ಜಾಗದಲ್ಲಿ ಕಂಡಾಗ ಆಗುವ ಸಂತೋಷವೇ ಬೇರೆ.

ಹೋಲಿಕೆ ಕಮ್ಮಿ ಅಂತ ಸುಮ್ನೆ ಬಿಡಬೇಡಿ. ಜಪಾನಿನ ಸಕಾಯ್‌ನಲ್ಲಿ ಸಿಕ್ಕಿದ ಬ್ಯಾಕ್ಟೀರಿಯಾದಲ್ಲಿ ಪ್ಲಾಸ್ಟಿಕ್ ಒಡೆಯುವ ಪೆಟೇಸ್ ಇದೆ ಅಂತ 2016ರಲ್ಲಿ ತಿಳಿಯಿತು. ಅದನ್ನು ಗುರುತಿಸಲು ದಾರಿ ಮಾಡಿದ್ದೂ ಇಂಥ ಹೋಲಿಕೆಯೇ. ಗೊತ್ತಿದ್ದ ಕಿಣ್ವದೊಂದಿಗೆ ಅದರ ಹೋಲಿಕೆ ಶೇಕಡಾ 51 ಮಾತ್ರ.

ನನ್ನ ಈಗಿನ ಜೀನ್‌ಗೆ ಇರುವ ಹೋಲಿಕೆ ಶೇಕಡಾ 38. ಮೊದಲಾಗಿದ್ದರೆ ದಾಟಿಸಿಬಿಡುತ್ತಿದ್ದೆ. ಹದಿಮೂರನೇ ಕಾಲಂನಲ್ಲಿ 84 ಇತ್ತು, ಇ ಕೂಡ ಇತ್ತು. ಎರಡನೇ ದಿನ ಪ್ಲೇಟ್ ತೆಗೆದು ಬೆಳಕಿಗೆ ಹಿಡಿದೆ. ಬಿಳುಪಿನ ನಡುವೆ ಎಂಟಾಣೆಯಷ್ಟು ಅಗಲದ ತಿಳಿ ವೃತ್ತ.