ಕಿವುಡು ಮಕ್ಕಳ ಮನೋವೈಜ್ಞಾನಿಕ ಪರೀಕ್ಷೆ: ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ಸೇವೆ

ಹುಟ್ಟಿನಿಂದಲೇ ಕಿವಿ ಕೇಳಿಸದ ನಮ್ಮ ಅಕ್ಕನ ಮಗಳಿಗೆ ಖಾಸಗಿ ಕೇಂದ್ರವೊಂದರಲ್ಲಿ ಬಾಯಿಮಾತಿನ ಪ್ರಶ್ನೆಗಳನ್ನೇ ಕೇಳಿ, ಉತ್ತರ ಬರಲಿಲ್ಲವೆಂಬ ಕಾರಣಕ್ಕೆ ಬುದ್ಧಿಮಟ್ಟ ಕಡಿಮೆಯೆಂದು ವರದಿ ಬರೆದುಕೊಟ್ಟಿದ್ದರು. ಇಂಥ ವರದಿ ಮಗುವಿನ ಶಾಲೆಯನ್ನೇ ಬದಲಿಸಿಬಿಡಬಲ್ಲದು.

ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಮನೋವಿಜ್ಞಾನ ವಿಭಾಗದಲ್ಲಿ ನಡೆದ ಪರೀಕ್ಷೆಯ ಕ್ರಮವೇ ಬೇರೆ. ಪರೀಕ್ಷಕಿ ಮೊದಲು ಶ್ರವಣ ಪರೀಕ್ಷೆಯ ವರದಿಯನ್ನು ಓದಿ, ಶ್ರವಣಯಂತ್ರದ ಬ್ಯಾಟರಿ ಸರಿಯಿದೆಯೇ ಎಂದು ನೋಡಿ, ಬೆಳಕು ತಮ್ಮ ಮುಖದ ಮೇಲೆ ಬೀಳುವಂತೆ ಮಗುವಿನ ಎದುರು ಕುಳಿತರು. ಬುದ್ಧಿಮಟ್ಟ ಅಳೆಯುವ ಸೆಗ್ವಿನ್ ಹಲಗೆಯ 10 ಮರದ ಆಕೃತಿಗಳನ್ನು ಆಯಾ ಗುಳಿಗಳಲ್ಲಿ ಕೂರಿಸುವುದನ್ನು ತಾವೇ ಒಮ್ಮೆ ಮಾಡಿ ತೋರಿಸಿ, ಅನಂತರ ಮಗುವಿನಿಂದ 3 ಸಲ ಮಾಡಿಸಿ, ಪ್ರತಿ ಸಲದ ಸಮಯವನ್ನೂ ಗುರುತಿಸಿಕೊಂಡರು. ಮನೋವಿಜ್ಞಾನಿ ರೇವನ್‌ ರೂಪಿಸಿದ ಬಣ್ಣದ ವಿನ್ಯಾಸಗಳ ಪರೀಕ್ಷೆಯ 36 ಪ್ರಶ್ನೆಗಳಿಗೂ ಮಾತಿನ ಹಂಗಿಲ್ಲ. ವಿನ್ಯಾಸದಲ್ಲಿ ಬಿಟ್ಟುಹೋದ ತುಣುಕನ್ನು ಕೊಟ್ಟಿರುವ ಆಯ್ಕೆಗಳಲ್ಲಿ ಬೆರಳಿಟ್ಟು ತೋರಿಸಿದರೆ ಸಾಕು. ಊಟ, ಉಡುಪು, ಅಂಗಡಿಗೆ ಹೋಗಿಬರುವಂಥ ನಿತ್ಯದ ಕೆಲಸಗಳ ಬಗ್ಗೆ ಅಕ್ಕನನ್ನೂ ವಿವರವಾಗಿ ವಿಚಾರಿಸಿದರು.

ಬುದ್ಧಿಮಟ್ಟ ವಯಸ್ಸಿಗೆ ತಕ್ಕಂತಿದೆಯೆಂದೂ ಹಿಂದುಳಿದಿರುವುದು ಭಾಷೆ ಮಾತ್ರವೆಂದೂ ವರದಿ ಬಿಡಿಸಿ ಹೇಳುತ್ತದೆ. ನನ್ನ ಮಟ್ಟಿಗೆ ಇದೇ ಈ ಸೇವೆಯ ದೊಡ್ಡ ಗುಣ. ಸಂಜ್ಞೆ ಭಾಷೆಯಲ್ಲೇ ಬೆಳೆದ ಮಕ್ಕಳ ಪೋಷಕರು ಆ ಭಾಷೆ ಬಲ್ಲವರ ನೆರವಿನ ಬಗ್ಗೆ ಮೊದಲೇ ವಿಚಾರಿಸಿಕೊಂಡು, ಹಳೆಯ ಶ್ರವಣ ವರದಿಗಳೊಂದಿಗೆ ಮಗುವಿನ ಶಾಲಾ ಪುಸ್ತಕಗಳನ್ನೂ ಒಯ್ಯುವುದು ಒಳ್ಳೆಯದು.