4294967297: ಒಂದು ಸಂಖ್ಯೆಯನ್ನು ಒಡೆಯಲು ಹಲವು ದಾರಿಗಳು

2ರ 32ನೆಯ ಘಾತಕ್ಕೆ 1 ಕೂಡಿಸಿದರೆ 4294967297 ಬರುತ್ತದೆ. ಇದು ಅವಿಭಾಜ್ಯ ಸಂಖ್ಯೆಯೆಂದು ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಆಯ್ಲರ್ ಇದನ್ನು 641 ಮತ್ತು 6700417 ಎಂದು ಒಡೆದು ತೋರಿಸಿದರು. ಉತ್ತರ ಮೊದಲೇ ಗೊತ್ತಿರುವುದರಿಂದ, ಅಪವರ್ತನದ ವಿಧಾನಗಳಲ್ಲಿ ಯಾವುದು ಎಷ್ಟು ಶ್ರಮ ಬೇಡುತ್ತದೆ ಎಂದು ಅಳೆಯಲು ನಾನು ಈ ಸಂಖ್ಯೆಯನ್ನೇ ಆರಿಸಿಕೊಂಡೆ.

ಕ್ರಮವಾಗಿ 2, 3, 5 ಎಂದು ಭಾಗಿಸುತ್ತ ಹೋದರೆ 641 ಸಿಗುವುದು 116ನೆಯ ಸರದಿಯಲ್ಲಿ. ನಾನು ಎರಡು ಸಂಜೆ ಕುಳಿತು ಇದನ್ನು ನೋಟ್‌ಬುಕ್ಕಿನಲ್ಲಿ ಮಾಡಿದೆ, ಇನ್ನೊಮ್ಮೆ ಮಾಡಲಾರೆ. ಈ ಸಂಖ್ಯೆಯ ಯಾವುದೇ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದಾಗ ಶೇಷ 1 ಉಳಿಯಲೇಬೇಕೆಂದು ಆಯ್ಲರ್ ಕಂಡುಕೊಂಡಿದ್ದರಿಂದ, ಪರೀಕ್ಷಿಸಬೇಕಾದವು 193, 257, 449, 577, 641 ಎಂಬ ಐದಕ್ಕೆ ಇಳಿಯುತ್ತವೆ. ಮುಂದೆ ಗಣಿತಜ್ಞ ಲ್ಯೂಕಾ 64ರ ಜಾಗದಲ್ಲಿ 128 ಇಡಬಹುದೆಂದು ತೋರಿಸಿದ ಮೇಲೆ ಉಳಿಯುವವು 257 ಮತ್ತು 641 ಎರಡೇ. ಆ ಕೊನೆಯ ಭಾಗಾಕಾರ ನೋಡಲು ಚೆಂದ: ಭಾಗಲಬ್ಧದಲ್ಲಿ 67 ಬರೆದಾಗ ಶೇಷ ಬರೀ 2, ಆದ್ದರಿಂದ ಎರಡು ಸೊನ್ನೆ ಸಾಲಾಗಿ ಕೂರುತ್ತವೆ, ಕಟ್ಟಕಡೆಗೆ 4487ರಲ್ಲಿ 4487 ಕಳೆದು ಲೆಕ್ಕ ಮುಗಿಯುತ್ತದೆ.

ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆದು ಒಡೆಯುವ, ಫರ್ಮಾ ಅವರದೇ ಆದ ವಿಧಾನವು ಇಲ್ಲಿ ಅತ್ಯಂತ ನಿಧಾನ. ಎರಡು ಅಪವರ್ತನಗಳು ಒಂದಕ್ಕೊಂದು ಬಹಳ ದೂರವಿರುವುದರಿಂದ ವರ್ಗಮೂಲಕ್ಕಿಂತ ತುಸು ದೊಡ್ಡದಾದ 65537ರಿಂದ ಆರಂಭಿಸಿ 32,84,993 ಸಂಖ್ಯೆಗಳನ್ನು ಪರೀಕ್ಷಿಸಬೇಕಾಗುತ್ತದೆ.

ಇದಕ್ಕಾಗಿ ಬರೆದ ನನ್ನ ಮೊದಲ ಪ್ರೋಗ್ರಾಂ ಸಂಖ್ಯೆಯನ್ನು 1 ಎಂದೇ ಓದಿತು, ಏಕೆಂದರೆ 32 ಬಿಟ್‌ಗಳ ಜಾಗದಲ್ಲಿ 2ರ 32ನೆಯ ಘಾತ ಹಿಡಿಸದೆ ಸೊನ್ನೆಯಾಗಿಬಿಟ್ಟಿತ್ತು. ತಪ್ಪು ನನ್ನದೇ. ಪೈಥಾನ್‌ಗೆ ಬದಲಾಯಿಸಿಕೊಂಡು ಗಣಿತಜ್ಞ ಪೊಲಾರ್ಡ್ ಅವರ ಎರಡು ವಿಧಾನಗಳನ್ನೂ ಓಡಿಸಿದೆ.

1974ರ ವಿಧಾನದಲ್ಲಿ ಒಂದು ಆಧಾರಸಂಖ್ಯೆಯನ್ನು 2ನೆಯ ಘಾತಕ್ಕೆ, ಬಂದದ್ದನ್ನು 3ನೆಯ ಘಾತಕ್ಕೆ, ಅದನ್ನು 4ನೆಯ ಘಾತಕ್ಕೆ ಎಂದು ಸರದಿಯಂತೆ ಏರಿಸುತ್ತ, ಪ್ರತಿ ಸಲವೂ 1 ಕಳೆದು ಮೂಲ ಸಂಖ್ಯೆಯೊಂದಿಗೆ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ತೆಗೆಯಬೇಕು. ಆಧಾರ 2 ಇಟ್ಟಾಗ ಏಳರವರೆಗೆ 1 ಬಂದು, ಎಂಟರಲ್ಲಿ ಇಡೀ ಸಂಖ್ಯೆಯೇ ಎದುರು ನಿಂತಿತು. 2ರ 64ನೆಯ ಘಾತವು ಎರಡೂ ಅಪವರ್ತನಗಳಲ್ಲಿ ಒಟ್ಟಿಗೇ ಶೇಷ 1 ಕೊಡುವುದೇ ಇದಕ್ಕೆ ಕಾರಣ. ಆಧಾರವನ್ನು 3 ಮಾಡಿದೊಡನೆ ಅದೇ ಎಂಟರಲ್ಲಿ 641 ಸಿಕ್ಕಿತು. ಒಂದು ಸರಣಿಯ ಎರಡೆರಡು ಪದಗಳ ವ್ಯತ್ಯಾಸಕ್ಕೂ ಮೂಲ ಸಂಖ್ಯೆಗೂ ಮ.ಸಾ.ಅ. ತೆಗೆಯುತ್ತ ಹೋಗುವ 1975ರ ರೋ ವಿಧಾನ, 2ರಿಂದ ಹೊರಟು ವರ್ಗ ಮಾಡಿ 1 ಕೂಡಿಸುವ ಸರಣಿಯಲ್ಲಿ, ಹನ್ನೊಂದನೆಯ ಸುತ್ತಿಗೆ 641 ಕೊಟ್ಟಿತು. ಸ್ವರೂಪವೇ ಗೊತ್ತಿಲ್ಲದ ಸಂಖ್ಯೆ ಕೈಗೆ ಬಂದರೆ ನಾನು ಮೊದಲು ಓಡಿಸುವುದು ರೋ ವಿಧಾನವನ್ನೇ.

ಆದರೆ 6700417ರ ಮುಂದೆ ಪೊಲಾರ್ಡ್ ಅವರ ಎರಡೂ ವಿಧಾನಗಳು ಮೂಕ: ಅವು ಅಪವರ್ತನ ಹುಡುಕಬಲ್ಲವು, ಅವಿಭಾಜ್ಯವೆಂದು ಹೇಳಲಾರವು. ಲ್ಯೂಕಾ ನಿಯಮವಾದರೋ 6700417ರ ವರ್ಗಮೂಲದ ಮಿತಿಯಾದ 2588ರೊಳಗೆ 641, 769, 1153, 1409 ಈ ನಾಲ್ಕನ್ನು ಮಾತ್ರ ಉಳಿಸುತ್ತದೆ. 2ರ 8ನೆಯ ಘಾತಕ್ಕೆ 1 ಕೂಡಿಸಿದರೆ ಬರುವ 257 ಸಹ 4294967297ರಂತೆ ಫರ್ಮಾ ಸಂಖ್ಯೆಯೇ; ಎರಡು ಬೇರೆ ಫರ್ಮಾ ಸಂಖ್ಯೆಗಳಿಗೆ 1 ಬಿಟ್ಟು ಸಾಮಾನ್ಯ ಅಪವರ್ತನ ಇರುವುದಿಲ್ಲವಾದ್ದರಿಂದ ಅದನ್ನು ಪರೀಕ್ಷಿಸಬೇಕಿಲ್ಲ. ನೋಟ್‌ಬುಕ್ಕಿನ ಅರ್ಧ ಪುಟದಲ್ಲಿ ಶೇಷಗಳು 44, 120, 334, 622 ಎಂದು ಬಂದವು; ಯಾವುದೂ ಸೊನ್ನೆಯಲ್ಲ, ಹಾಗಾಗಿ 6700417 ಅವಿಭಾಜ್ಯ.